ಹನ್ನೆರಡು ಅಡಿ ಸರಿದ ಬಾವಿ
2025ರ ಜೂನ್ ಹದಿನಾರರಂದು ಹೊರಬಂದ, ಡ್ರೋನ್ ಚಿತ್ರದಿಂದ ತಯಾರಿಸಿದ ಡಿಜಿಟಲ್ ನಕ್ಷೆಯಲ್ಲಿ ಇಲವಾಲದ ದೇವಿರಮ್ಮನವರ ಬಾವಿ ಹನ್ನೆರಡು ಅಡಿಯಷ್ಟು ಪಕ್ಕದವರ ಹೊಲದೊಳಗೆ ಬಿದ್ದಿದೆ. ನೀರಿಗೆ ಬರಬೇಡವೆಂದು ಆ ಪಕ್ಕದವರು ಆಕೆಗೆ ಹೇಳಿಯೂ ಆಗಿದೆ. "ನನ್ ಬಾವಿಗೇನು ಕಾಲ್ ಬಂದ್ಬುಡ್ತಾ ಸ್ವಾಮಿ?" ಎಂದು ಆಕೆ ನನ್ನನ್ನು ಕೇಳಿದರು. ನಿವೃತ್ತ ಭೂಮಾಪಕನೆಂಬ ಪ್ರಾಣಿಯನ್ನು ಕೆರಳಿಸಲು ಅಷ್ಟು ಸಾಕು. ಅವನು ಕೃಷ್ಣಮೂರ್ತಿಪುರದ ವಾಯುವಿಹಾರದಲ್ಲೂ ಹೆಜ್ಜೆ ಎಣಿಸುತ್ತಾನೆ, ಮದುವೆ ಚಪ್ಪರ ಓರೆಯಾಗಿದೆಯೆಂದು ವರನ ತಂದೆಗೆ ತಿಳಿಸುತ್ತಾನೆ, ಡ್ರೋನ್ ಕಂಡರೆ "ಬಿಸಿಲಲ್ಲಿ ಅಳತೆ ಸರಪಳಿ ಎಳೆದು ಗೊತ್ತೇನ್ರೀ ಅದಕ್ಕೆ?" ಎನ್ನುತ್ತಾನೆ. ನಾನು ಅಂಥವನೇ ಆದ್ದರಿಂದ ಕೊಡೆ ಹಿಡಿದು ಭೂಮಾಪನ ಕಚೇರಿಗೆ ನುಗ್ಗಿ, ನಕ್ಷೆ ತಯಾರಿಸುವ ಸಮನ್ವಿತಾ ಎಂಬ ಹುಡುಗಿಗೆ ಒಂದು ಗಂಟೆ ಪಾಠ ಹೇಳಿದೆ. ಆಕೆ ತೆರೆಯ ಮೇಲೆ ಡ್ರೋನ್ ಚಿತ್ರದ ಮೇಲೊಂದು ಹಳೆಯ ನಕ್ಷೆಯನ್ನು ಪದರವಾಗಿ ಕೂರಿಸಿ, "ಚಿತ್ರದಲ್ಲಿ ಬಾವಿ, ಗಡಿಕಲ್ಲು ಎರಡೂ ಸರಿಯಾಗಿವೆ ಸಾರ್. ಗಡಿ ಗೆರೆ ಮಾತ್ರ 1984ರ ಈ ನಕ್ಷೆಯಿಂದ ತಗೊಂಡಿದ್ವಿ. ಸಹಿ ಯಾರದೋ, ಓದೋಕಾಗ್ತಿಲ್ಲ" ಎಂದಳು. ನನಗೆ ಓದಲು ಬಂತು, ಸಹಿ ನನ್ನದೇ. ಅಂದು ಬಿಸಿಲು ತಾಳದೆ, ಕೊನೆಯ ಸರಪಳಿಯನ್ನು ಎಳೆಯದೆ ಹೆಜ್ಜೆಯಲ್ಲೇ ಅಳೆದು ಮುಗಿಸಿದವನು ನಾನು. ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ಒತ್ತಾಯವಿಷ್ಟು: ಈ ವಾರವೇ ಗೆರೆ ತಿದ್ದಿ ದೇವಿರಮ್ಮನವರ ಬಾವಿಯನ್ನು ಅವರಿಗೆ ಹಿಂತಿರುಗಿಸಿ, ತಪ್ಪಿನ ಕಾರಣವೆಂಬ ಅಂಕಣದಲ್ಲಿ ನನ್ನ ಹೆಸರನ್ನು ಎಲ್ಲರೂ ಓದುವಂತೆ ಬರೆಯಿರಿ, ಸಮನ್ವಿತಾಳ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿಸಿ. ಪದರ ಕೂರಿಸುವುದನ್ನು ನಾನಿನ್ನೂ ಕಲಿಯಬೇಕಾಗಿದೆ, ನಾನು ಅಳೆದ ಹೊಲಗಳು ಬಹಳ ಇವೆ.