ಮುತ್ತಮ್ಮ ಆಂಟಿಯ ಬಲಭುಜ

ಚಳಿಗಾಲ ಬಂದದ್ದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಬಚ್ಚಲಿನ ಕೊಬ್ಬರಿ ಎಣ್ಣೆ ಬಾಟಲಿಗೆ. ನಿನ್ನೆಯವರೆಗೆ ನೀರಿನ ಹಾಗಿದ್ದದ್ದು ಇವತ್ತು ಬೆಳಿಗ್ಗೆ ಮೇಣದ ಮುದ್ದೆ. "ಪಪ್ಪಾ, ತೇಲ್ ಫಿರ್ ಜಮ್ ಗಯಾ!" ಎಂದು ಮಗಳು ಕೂಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ನಮ್ಮ ಮನೆಯಲ್ಲಿ ಎಣ್ಣೆ ಹೆಪ್ಪುಗಟ್ಟುವುದೂ ಹಿಂದಿಯಲ್ಲೇ. ಬಾಟಲಿ ತಂದು ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ, ಬಿಸಿಲು ಬೀಳುವ ಒಂದೇ ಒಂದು ಮೂಲೆಯಲ್ಲಿ ಇಟ್ಟೆ. ದಿಲ್ಲಿಯಲ್ಲಿ ದಕ್ಷಿಣದವರ ಮನೆ ಯಾವುದೆಂದು ತಿಳಿಯಬೇಕಾದರೆ ಚಳಿಗಾಲದಲ್ಲಿ ಬಾಲ್ಕನಿಗಳನ್ನು ನೋಡುತ್ತ ಹೋದರೆ ಸಾಕು. ಮುಚ್ಚಳ ತೆಗೆದು ಮೂಸಿದೆ. ಈ ವಾಸನೆಗೆ ನಿಮಗೆ ಅಜ್ಜಿಯೋ ಜಡೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಬಂದೂಕು. ನಗಬೇಡಿ, ಹೇಳುತ್ತೇನೆ.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ದಿಲ್ಲಿ ಪಕ್ಕದ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸ, ಅಲ್ಲೇ ಒಂದು ಸೆಕ್ಟರಿನಲ್ಲಿ ಮಹಡಿಯ ಕೋಣೆ. ಕೆಳಗೆ ಮನೆಯ ಮಾಲೀಕರು, ಕೊಡಗಿನ ಚಂಗಪ್ಪ ಅಂಕಲ್ ಮತ್ತು ಅವರ ಹೆಂಡತಿ ಮುತ್ತಮ್ಮ ಆಂಟಿ. ಕನ್ನಡ ಮಾತಾಡುವ ಬಾಡಿಗೆದಾರ ಸಿಕ್ಕಿದನೆಂದು ಅವರಿಗೆ ಖುಷಿ, ಅಕ್ಕಿ ರೊಟ್ಟಿ ಸಿಕ್ಕಿತೆಂದು ನನಗೆ. ಅಂಕಲ್ ಸೈನ್ಯದಲ್ಲಿ ಬಂದೂಕು ರಿಪೇರಿಯ ಸುಬೇದಾರರಾಗಿದ್ದವರು. ಬಂದೂಕು ತೆರೆದು ಮುಚ್ಚುವ ಸದ್ದು ಕೇಳಿಯೇ ಒಳಗೆ ಏನು ಕೆಟ್ಟಿದೆ ಎಂದು ಹೇಳುತ್ತಿದ್ದರಂತೆ. 'ಅಂತೆ' ಎಂದೆನಲ್ಲ, ಹೇಳಿದವರು ಅವರೇ.

ಆದರೆ ಮನೆಯಲ್ಲಿ ಗುರಿ ಹೊಡೆಯುವವರು ಆಂಟಿ. ಕೈಲ್ ಪೊಳ್ದ್ ಎಂದರೆ ಕೊಡವರು ಆಯುಧಗಳಿಗೆ ಹೂವೇರಿಸಿ ಪೂಜೆ ಮಾಡುವ ಹಬ್ಬ. ಮರದ ಮೇಲೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಪಂದ್ಯವೂ ಅವತ್ತೇ. "ನಾನು ಮಿಲಿಟರಿಯವನು, ಮೀಸೆ ಬೇರೆ. ಹೊಡೆದೆ, ಎಲೆ ಉದುರಿತು. ಈ ಹುಡುಗಿ ಬಂದಳು, ಹೊಡೆದಳು, ಕಾಯಿ ಉದುರಿತು. ಅವತ್ತೇ ಸಂಜೆ ಇವಳ ಅಪ್ಪನ ಮನೆಗೆ ಹೋದೆ ನೋಡು" ಎನ್ನುತ್ತಿದ್ದರು ಅಂಕಲ್. "ಕಾಯಿ ಹುಡುಕ್ಕೊಂಡು ಬಂದಿದ್ರು, ಪಾಪ" ಎನ್ನುತ್ತಿದ್ದರು ಆಂಟಿ ಒಲೆಯ ಕಡೆಯಿಂದ.

ದಿಲ್ಲಿ ಕಡೆಗೆ ಬಂದ ಮೇಲೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಮರ ಎಲ್ಲಿಂದ ತರೋಣ? ಅರಾವಳಿ ಗುಡ್ಡದ ಮಗ್ಗುಲಲ್ಲಿ ಒಂದು ಶೂಟಿಂಗ್ ರೇಂಜ್ ಇತ್ತು. ಯಂತ್ರ ಆಕಾಶಕ್ಕೆಸೆಯುವ ಮಣ್ಣಿನ ಬಿಲ್ಲೆಗಳನ್ನು ಹೊಡೆದು ಪುಡಿ ಮಾಡುವುದು ಅಲ್ಲಿಯ ಆಟ. ಲೈಸೆನ್ಸು, ಕಾಗದ ಪತ್ರ ಎಲ್ಲ ಸರಿ ಇಟ್ಟುಕೊಂಡು ಆಂಟಿ ಭಾನುವಾರ ಭಾನುವಾರ ಹೋಗುತ್ತಿದ್ದರು. ಆ ವರ್ಷ ಚಳಿಗಾಲದ ಕೊನೆಗೆ ಹಿರಿಯರ ಪಂದ್ಯವೊಂದಿತ್ತು, ಅದರಲ್ಲಿ ನಿಲ್ಲಲೇಬೇಕೆಂದು ಅವರ ಹಟ. ಸಾರಥಿ ನಾನು. ನನ್ನ ಸೆಕೆಂಡ್‌ಹ್ಯಾಂಡ್ ಕಾರು, ಅವರ ಅಕ್ಕಿ ರೊಟ್ಟಿ, ಒಪ್ಪಂದ ಚೊಕ್ಕವಾಗಿತ್ತು.

ಆಂಟಿಯದು ಹಳೆಯ ಮಾದರಿಯ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್. ಒಮ್ಮೆ ಹೊಡೆದರೆ ಆ ಒದೆತದ ಬಲದಲ್ಲೇ ಒಳಗಿನ ಬೋಲ್ಟ್ ಎಂಬ ಉಕ್ಕಿನ ತುಂಡು ಹಿಂದಕ್ಕೆ ಸರಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಮುಂದೆ ಬರುವಾಗ ಹೊಸ ತೋಟೆಯನ್ನು ಒಳಗೆ ಕೂರಿಸುತ್ತದೆ. ಒದೆತಕ್ಕೆ ಹಿಂದೆ ಭುಜ ಗಟ್ಟಿಯಾಗಿ ನಿಂತಿರಬೇಕು. ಭುಜ ಸಡಿಲವಾದರೆ ಬೋಲ್ಟು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಇಷ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಂದೂಕು ಆಂಟಿಯದು, ಅದರ ಆರೈಕೆ ಅಂಕಲ್‌ದು. ಶನಿವಾರ ಸಂಜೆ ಹೀಟರ್ ಹಚ್ಚಿ, ಪೇಪರ್ ಹಾಸಿ, ಬಂದೂಕು ಬಿಚ್ಚಿಕೊಂಡು ಕೂರುತ್ತಿದ್ದರು. ಪಕ್ಕದಲ್ಲಿ ಸರ್ವಿಸ್ ಕಾಲದ ಒಂದು ಪುಟ್ಟ ಮೂತಿಯ ಕುಪ್ಪಿ, ಬಂದೂಕಿನ ಎಣ್ಣೆಯದು. ಬೇರೆಯವರ ಕೈ ಅದಕ್ಕೆ ತಾಗುವಂತಿಲ್ಲ. ಹಿಮದ ಪೋಸ್ಟಿನಲ್ಲಿ ಒಬ್ಬ ರಿಕ್ರೂಟ್ ರೈಫಲಿಗೆ ತುಪ್ಪ ಸವರಿದ್ದನಂತೆ. ಬೆಳಗಾಗುವಷ್ಟರಲ್ಲಿ ಬೋಲ್ಟು ಕಲ್ಲು. "ರೈಫಲ್ ತಲೆ ಮೇಲೆ ಹಿಡಿಸಿ ಓಡಿಸಿದೆ ನೋಡು ಅವನನ್ನ!" ಎಂದು ಅಂಕಲ್ ನಗುತ್ತಿದ್ದರು. ಈ ಕಥೆಯನ್ನು ಅವರು ವಾರವಾರವೂ ಹೇಳುತ್ತಿದ್ದರು, ಕೆಲವೊಮ್ಮೆ ಒಂದೇ ಸಂಜೆ ಎರಡು ಸಲ. ಬ್ರೆಡ್ಡು ತರಲು ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಆಗಾಗ ಬದಲಾಗುತ್ತಿತ್ತು. ವಯಸ್ಸಾಯಿತಲ್ಲ ಎಂದು ನಾನೂ ಆಂಟಿಯೂ ನಕ್ಕು ಸುಮ್ಮನಾಗುತ್ತಿದ್ದೆವು.

ಆ ಡಿಸೆಂಬರಿನಲ್ಲಿ ಬಂದೂಕು ಕೈಕೊಡತೊಡಗಿತು. ಆಂಟಿ ಹೊಡೆದರೆ ಮೊದಲ ಬಿಲ್ಲೆ ಪುಡಿ. ಎರಡನೆಯದಕ್ಕೆ ನೋಡಿದರೆ ಖಾಲಿ ತೋಟೆ ಹೊರಬೀಳುವ ಕಿಂಡಿಯಲ್ಲೇ ಅರ್ಧ ಸಿಕ್ಕಿಕೊಂಡಿರುತ್ತಿತ್ತು. ಕೈಯಿಂದ ಬಿಡಿಸಿ ಮತ್ತೆ ಹೊಡೆದರೆ ಮತ್ತೆ ಅದೇ. ನಾನು ಮೆಕ್ಯಾನಿಕಲ್ ಇಂಜಿನಿಯರ್ ಎಂಬುದು ಆಂಟಿಗೆ ಆಗ ನೆನಪಾಯಿತು. ಮನೆಯ ಮಿಕ್ಸಿ ಕೆಟ್ಟರೆ ಅದನ್ನು ತಟ್ಟಿ ನೋಡುವುದಷ್ಟೇ ನನ್ನ ವಿದ್ಯೆ. ಆದರೂ ಗಂಭೀರವಾಗಿ ಗಲ್ಲ ತುರಿಸಿಕೊಂಡು, "ತೋಟೆ ಬದಲಾಯಿಸಿ ನೋಡೋಣ" ಎಂದೆ. ಹೆಚ್ಚು ಬಲದ ತೋಟೆ ತಂದೆವು. ಜಗ್ಗಲಿಲ್ಲ. ಸ್ವೆಟರ್ ದಪ್ಪವಾಯಿತೇನೋ ಎಂದೆ. ಪಾಪ, ಆ ಚಳಿಯಲ್ಲಿ ಸ್ವೆಟರ್ ಬಿಚ್ಚಿ ಗಡಗಡ ನಡುಗುತ್ತ ಹೊಡೆದರು. ಅದೂ ಆಗಲಿಲ್ಲ. ಮಧ್ಯಾಹ್ನ ಬಿಸಿಲೇರಿದ ಮೇಲೆ ಮಾತ್ರ ಬಂದೂಕು ಏನೂ ಆಗದವರ ಹಾಗೆ ಟಕಟಕ ನಡೆಯುತ್ತಿತ್ತು. ಇಷ್ಟು ದೊಡ್ಡ ಸುಳಿವು ಕಣ್ಣೆದುರಿಗಿದ್ದರೂ ಈ ಇಂಜಿನಿಯರ್ ಮಹಾಶಯನ ತಲೆಗೆ ಹೋಗಲಿಲ್ಲ.

ರೇಂಜಿನಲ್ಲಿ ಬಂದೂಕು ನೋಡಿಕೊಳ್ಳುವ ಹರಿಯಾಣದ ಮಿಸ್ತ್ರಿ ಒಂದು ದಿನ ಹೇಳಿಯೇಬಿಟ್ಟ: "ಆಂಟೀಜೀ, ಬುರಾ ಮತ್ ಮಾನನಾ. ಕಂಧಾ ಕಮ್ಜೋರ್ ಹೋ ಗಯಾ ಹೈ." ಬೇಜಾರಾಗಬೇಡಿ, ಭುಜ ಸೋತಿದೆ, ಒದೆತ ತಡೆಯುತ್ತಿಲ್ಲ ಎಂದು ಅರ್ಥ. ಆಂಟಿಯ ಮುಖ ಸಣ್ಣಗಾಯಿತು. ಮಾರನೆಯ ದಿನದಿಂದ ಮಹಡಿಯ ಮೇಲೆ ನೀರು ತುಂಬಿದ ಡಬ್ಬ ಎತ್ತಿ ಇಳಿಸುವ ಕಸರತ್ತು ಶುರುವಾಯಿತು. "ಪಂದ್ಯ ಹೋಗ್ಲಿ ಮಾರಾಯ, ನಂಗೆ ಭಯ ಆಗೋದು ಇನ್ಮೇಲೆ ಬಂದೂಕೇ ಹಿಡಿಯೋಕಾಗಲ್ವೇನೋ ಅಂತ" ಎಂದರು ನನ್ನ ಬಳಿ.

ಅಂಕಲ್ ಬೇರೆ ಥರ ಸೊರಗಿದರು. ಶನಿವಾರಕ್ಕೊಮ್ಮೆ ಬಿಚ್ಚುತ್ತಿದ್ದ ಬಂದೂಕನ್ನು ದಿನವೂ ಬಿಚ್ಚತೊಡಗಿದರು. ಒರೆಸುವುದು, ಎಣ್ಣೆ ಬಿಡುವುದು, ಮುಚ್ಚುವುದು, ಮತ್ತೆ ಬಿಚ್ಚುವುದು. ತುಪ್ಪದ ಕಥೆ ನಿಂತೇಹೋಯಿತು. ಮಿಸ್ತ್ರಿಗೆ ಒಮ್ಮೆ ತೋರಿಸೋಣವೇ ಎಂದರೆ, "ನನ್ನ ಕೈ ಮುಟ್ಟಿದ ಮೇಲೆ ಅವನೇನು ನೋಡೋದು!" ಎಂದು ರೇಗಿದರು. ರೇಗಿದ ಮೇಲೆ ತಮ್ಮ ಅಂಗೈಗಳನ್ನೇ ನೋಡುತ್ತ ಕೂತರು.

ಅದರ ಮುಂದಿನ ಭಾನುವಾರ. ಮಂಜು ಆಗಷ್ಟೇ ತಿಳಿಯಾಗುತ್ತಿತ್ತು. ಅಂಕಲ್ ದೂರದಲ್ಲಿ ಎಳೆಬಿಸಿಲಿಗೆ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು. ಬಂದೂಕು ಮತ್ತೆ ನಿಂತಿತು. ಆಂಟಿ ಅಂಕಲ್ ಕಡೆ ಒಮ್ಮೆ ನೋಡಿ, ತೋಟೆಗಳನ್ನೆಲ್ಲ ತೆಗೆದು, ಮಿಸ್ತ್ರಿಯ ಮೇಜಿನ ಮೇಲೆ ಇಟ್ಟು, "ಭಯ್ಯಾ, ಖೋಲೋ" ಎಂದರು. ಅವನು ಬಿಚ್ಚಿದ. ಬೋಲ್ಟಿನ ಮೈಗೆಲ್ಲ, ಅದನ್ನು ಮುಂದೂಡುವ ಸ್ಪ್ರಿಂಗಿನ ಸುರುಳಿಗೆಲ್ಲ ಬೆಳ್ಳಗೆ ಏನೋ ಮೆತ್ತಿತ್ತು. ಅವನು ಬೆರಳಲ್ಲಿ ಉಜ್ಜಿ, ಮೂಸಿ, "ಮೋಮ್ ಹೈ ಕ್ಯಾ?" ಎಂದ, ಮೇಣವೇನೋ ಎಂದು. ಸಾಸಿವೆ ಎಣ್ಣೆಯ ನಾಡಿನವನು, ಅವನಿಗೆ ಹೇಗೆ ಗೊತ್ತಾಗಬೇಕು! ನಾನು ಬಗ್ಗಿ ಮೂಸಿದೆ. ಮದ್ದಿನ ಘಾಟಿನ ಕೆಳಗಿನಿಂದ ನಮ್ಮಮ್ಮ ಭಾನುವಾರ ತಲೆಗೆ ತಟ್ಟುತ್ತಿದ್ದ ಎಣ್ಣೆಯ ವಾಸನೆ ಬಂತು.

"ಆಂಟೀ, ಕೊಬ್ಬರಿ ಎಣ್ಣೆ! ಚಳಿಗೆ ಹೆಪ್ಪುಗಟ್ಟಿದೆ ಅಷ್ಟೇ! ನಿಮ್ಮ ಭುಜಕ್ಕೇನೂ ಆಗಿಲ್ಲ!" ಎಂದು ಕುಣಿದೆ. ಜೀವಮಾನದಲ್ಲಿ ನಾನು ಕಂಡುಹಿಡಿದ ಒಂದೇ ದೋಷ ಅದು. ಆಂಟಿಯೂ ಬಾಯಿಗೆ ಕೈ ಅಡ್ಡ ಹಿಡಿದು ಚಿಕ್ಕ ಹುಡುಗಿಯ ಹಾಗೆ ನಕ್ಕರು. ನಾನು ಅಂಕಲ್ಲನ್ನು ಕೂಗಿ ಕರೆಯಲು ತಿರುಗಿದೆ. ಆಂಟಿಯ ಕೈ ನನ್ನ ತೋಳನ್ನು ಹಿಡಿಯಿತು. ಅಬ್ಬಾ, ಎಂಥ ಹಿಡಿತ ಅಂತೀರಿ!

"ಬೇಡ" ಎಂದರು. ನಗು ಹೋಗಿತ್ತು. "ಕೈಲ್ ಪೊಳ್ದ್ ಹಬ್ಬದಲ್ಲಿ ಕುಪ್ಪಿ ಖಾಲಿಯಾಗಿತ್ತು. ತುಂಬಿಸಿದ್ದೀನಿ ಅಂದ್ರು. ಬಚ್ಚಲ ಬಾಟ್ಲಿಯಿಂದ ತುಂಬಿಸಿದ್ದಾರೆ. ಆಗ ಸೆಕೆ, ನೀರಿನ ಹಾಗೇ ಇತ್ತಲ್ಲ, ಗೊತ್ತಾಗ್ಲಿಲ್ಲ. ಈಗ್ಲೂ ಮನೇಲಿ ಹೀಟರ್ ಮುಂದೆ ಕರಗಿಬಿಡುತ್ತೆ." ಬೋಲ್ಟಿಗೆ ಮೆತ್ತಿದ್ದನ್ನು ಉಗುರಲ್ಲಿ ಒಂದಿಷ್ಟು ಕೆರೆದರು. "ತುಪ್ಪ ಹಚ್ಚಿದ ಹುಡುಗನ್ನ ಓಡಿಸಿದವರು ಇವರು. ಇವರು ಹೀಗೆ ಮಾಡೋದು ಅಂದ್ರೆ... ಬ್ರೆಡ್ಡು ಮರೆಯೋ ಥರ ಅಲ್ಲ ಇದು."

"ಎಣ್ಣೆ ಬದಲಾಯಿಸಿಬಿಡೋಣ ಆಂಟಿ, ಅವರಿಗೆ ಗೊತ್ತೇ ಆಗಲ್ಲ."

"ಇವತ್ತು ಎಣ್ಣೆ. ನಾಳೆ ತೋಟೆ ತೆಗೆದಿದೀನಾ ಇಲ್ವಾ ಅನ್ನೋದು ಮರೆತರೆ? ಮನೇಲಿ ಬಂದೂಕು ಇರಬಾರದು ಕಣೋ ಇನ್ನು. ಆದ್ರೆ ಯಾಕೆ ಅಂತ ಕೇಳ್ತಾರೆ. ನಿಮ್ಮ ಕೈ ಸರಿ ಇಲ್ಲ ಅನ್ನಲಾ? ಅವರಿಗೆ?"

ಆಂಟಿ ಬಂದೂಕಿನ ಹಿಡಿಯನ್ನು ಒಮ್ಮೆ ಸವರಿದರು. ಆಮೇಲೆ ಬಲಭುಜವನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು, ಕಾಲು ಸ್ವಲ್ಪ ಎಳೆಯುತ್ತ ಅಂಕಲ್ ಕಡೆಗೆ ನಡೆದರು. ಭುಜನೋವಿಗೆ ಕಾಲು ಯಾಕೆ ಎಳೆಯಬೇಕು ಹೇಳಿ. ಗುರಿ ಹೊಡೆಯುವುದು ಗೊತ್ತಿತ್ತೇ ಹೊರತು ನಟನೆ ಅವರಿಗೆ ಗೊತ್ತಿರಲಿಲ್ಲ.

"ರೀ, ಬಿಚ್ಚಿಸಿ ನೋಡಿದೆ. ಬಂದೂಕು ಕನ್ನಡಿ ಹಾಗಿದೆ. ನನ್ನ ಭುಜಾನೇ ಸೋತಿರೋದು. ಇನ್ನು ಸಾಕು ಮಾಡ್ತೀನಿ."

ಅಂಕಲ್ ಕೈಯಲ್ಲಿದ್ದ ಕಡಲೆಕಾಯಿ ಕೆಳಗೆ ಬಿತ್ತು. "ನನ್ನ ಕೈ ತಪ್ಪಲ್ಲ ತಾನೇ?" ಎಂದರು.

"ನಿಮ್ಮ ಕೈ ಯಾವತ್ತು ತಪ್ಪಿದೆ?"

ಅವರ ಮುಖ ಅರಳಿತು. ಮರುಕ್ಷಣ ತಾನು ಅರಳಿದ್ದಕ್ಕೆ ನಾಚಿಕೊಂಡವರಂತೆ ಎದ್ದು, ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿ, "ಎಲ್ಲಿ ನೋವು? ಇಲ್ಲಿಯಾ?" ಎಂದು ಭುಜ ಒತ್ತತೊಡಗಿದರು. ನಾನು ಮಂಜು ನೋಡುವವನ ಹಾಗೆ ಬೇರೆ ಕಡೆ ತಿರುಗಿದೆ. ಅಳು ಬಂದಿತ್ತು, ಸುಳ್ಳೇಕೆ. ಬಂದೂಕು ಕಾನೂನು ಪ್ರಕಾರ ಪರವಾನಗಿ ಇರುವ ಅಂಗಡಿಗೆ ಹೋಯಿತು. ಪಂದ್ಯದ ದಿನ ಆಂಟಿ ಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟಿದರು, ಬಡಬಡನೆ, ಎರಡೂ ಕೈಯಲ್ಲಿ.

ಇವತ್ತು ಬಾಲ್ಕನಿಯಲ್ಲಿ ಬಾಟಲಿ ಇಟ್ಟವನು ಸುಮ್ಮನೆ ಕೂರಲಾರದೆ ಮಗಳನ್ನು ಕರೆದುಕೊಂಡು ಮೆಟ್ರೊ ಹತ್ತಿ ಫರೀದಾಬಾದಿಗೆ ಹೋದೆ. ಅಂಕಲ್‌ಗೆ ಈಗ ನಾನು ಯಾರೆಂದು ತಿಳಿಯುವುದಿಲ್ಲ. "ಹೊಸ ರಿಕ್ರೂಟಾ?" ಎಂದು ಕೇಳಿದರು. ಹೌದು ಸರ್ ಎಂದೆ. ಬಂದೂಕು ಮರೆತಿದೆ, ತುಪ್ಪದ ಕಥೆ ಮರೆತಿದೆ, ಕೆಲವು ದಿನ ಊಟವೂ ಮರೆಯುತ್ತದಂತೆ. ಮಹಡಿಯ ಮೇಲೆ ಬಿಸಿಲಿಗೆ ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟಿತ್ತು. ಎಣ್ಣೆ ಕರಗಿದೆಯೇ ಎಂದು ಅದನ್ನು ಎತ್ತಿ ನೋಡಿ ಅಂಕಲ್, "ಬಾ, ಭುಜ ತೋರಿಸು" ಎಂದರು. ಆಂಟಿ ಕೈಕೆಲಸ ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂತರು. ಅಂಕಲ್ ಅಂಗೈಯಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಲಭುಜಕ್ಕೆ ತಿಕ್ಕಿದರು, ಒಂದು ಚೂರೂ ಅವಸರವಿಲ್ಲದೆ. ಇದೊಂದನ್ನು ಅವರು ಇವತ್ತಿನವರೆಗೆ ಒಂದು ದಿನವೂ ಮರೆತಿಲ್ಲವಂತೆ.

"ಆಂಟಿ, ಬಹುತ್ ದರ್ದ್ ಹೋತಾ ಹೈ?" ಎಂದು ಮಗಳು ಕೇಳಿದಳು.

ಆಂಟಿ ನನ್ನ ಕಡೆ ಒಮ್ಮೆ ನೋಡಿದರು. "ಹೂಂ ಕಂದ, ತುಂಬಾ ನೋವು" ಎಂದರು. "ಅಂಕಲ್ ತಿಕ್ಕಿದ್ರೆ ಮಾತ್ರ ಕಮ್ಮಿ ಆಗೋದು."

ಮನೆಗೆ ಬರುವಷ್ಟರಲ್ಲಿ ಬಿಸಿಲು ಹೋಗಿ ನಮ್ಮ ಬಾಟಲಿ ಮತ್ತೆ ಗಟ್ಟಿಯಾಗಿತ್ತು. ಎರಡು ಅಂಗೈ ನಡುವೆ ಹಿಡಿದು ಕರಗುವವರೆಗೆ ಉಜ್ಜಿ, ಹೆಂಡತಿಯನ್ನು ಕರೆದೆ.

"ಭುಜ ನೋವು ಅಂತಿದ್ದೆಯಲ್ಲ, ಬಾ."

"ಅಯ್ಯೋ, ನಾನು ಯಾವಾಗ ಅಂದೆ?"

"ಅಂದಿರ್ತೀಯ. ಬಾ, ಕೂತ್ಕೋ" ಎಂದೆ.