ಬಂಪರಿನ ಹಿಂದೆ

ತಿಪಟೂರಿನಲ್ಲಿ ನನ್ನದೊಂದು ರೇಡಿಯೇಟರ್ ರಿಪೇರಿ ಅಂಗಡಿ ಇದೆ. ಬರುವುದೆಲ್ಲ ಹೆಚ್ಚಾಗಿ ತೆಂಗಿನಕಾಯಿ ಸಾಗಿಸುವ ಲಾರಿಗಳು, ಟ್ರ್ಯಾಕ್ಟರುಗಳು. ಮೂರು ವರ್ಷದ ಹಿಂದೆ ಒಂದು ಬೇಸಿಗೆಯ ಬೆಳಿಗ್ಗೆ ನಮ್ಮ ಭಾವ ತಮ್ಮ ಬಿಳಿ ಡೀಸೆಲ್ ಕಾರಿನಲ್ಲಿ ಬಂದರು. ಪಕ್ಕದಲ್ಲಿ ನನ್ನ ಅಕ್ಕ. ಹಿಂದಿನ ಸೀಟಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಅಗಲವಾದ ಒಂದು ಸಾಮಾನು.

ಭಾವ ಹುಳಿಯಾರಿನ ಹತ್ತಿರದ ಹಟ್ಟಿಯವರು, ಕುರಿ ವ್ಯಾಪಾರ. ಸಂತೆಯಿಂದ ಸಂತೆಗೆ ಓಡಾಡುವ ಮನುಷ್ಯ. ಇಳಿದವರೇ ಚೀಲ ಬಿಚ್ಚಿದರು.

"ಬಿಸ್ಲಲ್ಲಿ ಏರು ಹತ್ತುವಾಗ ಗಾಡಿ ದಮ್ಮು ಕಟ್ತದೆ ಕಣ್ಲಾ. ದೊಡ್ಡ ಇಂಟರ್‌ಕೂಲರ್ ಹಾಕುದ್ರೆ ಆ ಎಳೆತವೇ ಬೇರೆ ಅಂತ ಫೋನಲ್ಲಿ ನೋಡ್ದೆ. ಬೆಂಗ್ಳೂರಿಂದ ತರ್ಸಿದೀನಿ. ಕೂರ್ಸಿಕೊಡು."

ಭಾವ ಹೇಳಿದ್ದು ಸುಳ್ಳಲ್ಲ. ಟರ್ಬೊ ಇರುವ ಎಂಜಿನ್ನಿಗೆ ಗಾಳಿಯನ್ನು ಒತ್ತಿ ನೂಕಲಾಗುತ್ತದೆ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿಯಲ್ಲಿ ಕಸುವಿಲ್ಲ. ಎಂಜಿನ್ನಿಗೆ ಹೋಗುವ ಮುಂಚೆ ಅದನ್ನು ತಣಿಸುವುದೇ ಇಂಟರ್‌ಕೂಲರಿನ ಕೆಲಸ. ನೋಡುವುದಕ್ಕೆ ರೇಡಿಯೇಟರಿನಂತೆಯೇ ಇರುತ್ತದೆ, ಒಳಗೆ ನೀರಿನ ಬದಲು ಗಾಳಿ. ನಾನು ಅಂಥದ್ದನ್ನು ಬಿಚ್ಚಿ ತೊಳೆದಿದ್ದೆನೇ ಹೊರತು ದೊಡ್ಡದನ್ನು ತಂದು ಕೂರಿಸಿರಲಿಲ್ಲ. ಕೂರಿಸಿ ನೋಡುವ ಆಸೆ ನನಗೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಬಂಪರು ಬಿಚ್ಚಿ ಅಳತೆ ನೋಡಿದೆ. ನಾಲ್ಕು ಬೆರಳು ಜಾಗ ಸಾಲದು. ಹೊರಗೆ ಕಾಣುವ ಬಂಪರು ಬರೀ ಪ್ಲಾಸ್ಟಿಕ್ಕು. ಅದರ ಹಿಂದೆ, ಕಾರಿನ ಅಗಲಕ್ಕೂ ಒಂದು ಉಕ್ಕಿನ ಬೀಮ್ ಇರುತ್ತದೆ. ಎದುರಿನಿಂದ ಏನಾದರೂ ಗುದ್ದಿದರೆ ಮೊದಲು ತಡೆಯುವುದು ಅದೇ. ಆ ಬೀಮೇ ಅಡ್ಡವಾಗಿತ್ತು.

"ಇದು ಹಿಡಿಯಲ್ಲ ಬಾವ."

"ಅಡ್ಡ ಬರೋದನ್ನ ಕುಯ್ಯಿ."

"ಕುಯ್ಬಾರ್ದು ಅದನ್ನ."

"ಅದೇನು ಎಂಜಿನ್ನಾ? ಬಂಪರ್ ಹಿಡ್ಕಂಡಿರೋ ಪಟ್ಟಿ ತಾನೇ?"

ಅಲ್ಲ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. ಗ್ರೈಂಡರ್ ಹಿಡಿದೆ. ಬೀಮಿನ ನಡುಭಾಗ ಪೂರ್ತಿ ಹೋಯಿತು. ಬಂಪರು ನಿಲ್ಲಲಿ ಎಂದು ಎರಡು ತೆಳು ತಗಡು ಬೆಸೆದೆ. ಹೊಂಗೆಮರದ ನೆರಳಲ್ಲಿ ಕೂತಿದ್ದ ಅಕ್ಕ ಎದ್ದು ಬಂದಳು.

"ಏನ್ಲಾ ಅಷ್ಟೊಂದು ಕಿಡಿ? ಏನು ಕುಯ್ತಿದೀಯ?"

"ಏನಿಲ್ಲ ಬುಡಕ್ಕ, ಜಾಗ ಮಾಡ್ತಿದೀನಿ."

ಅವಳು ಮತ್ತೆ ಮರದಡಿಗೆ ಹೋದಳು.

ಸಂಜೆ ಹಾಲ್ಕುರಿಕೆ ರಸ್ತೆಯಲ್ಲಿ ಓಡಿಸಿ ನೋಡಿದೆವು. ಕಾರು ಬಿಟ್ಟ ಬಾಣದಂತೆ ಹೋಯಿತು. ಭಾವ ಜೋರಾಗಿ ನಗುತ್ತಿದ್ದರು. ತಿರುವಿನಲ್ಲಿ ಕಾಯಿ ತುಂಬಿದ ಲಾರಿಯೊಂದು ನಿಂತಿತ್ತು. ಭಾವ ಕೊನೆ ಗಳಿಗೆಯಲ್ಲಿ ಬ್ರೇಕ್ ಒತ್ತಿದರು. ಲಾರಿಯ ಹಿಂಬದಿ ನಮ್ಮ ಮುಂದಿನ ಗಾಜಿನ ತುಂಬ ಬಂದು ನಿಂತಿತು. ಗುದ್ದಿದರೆ ತಡೆಯುವುದಕ್ಕೆ ಮುಂದೆ ಏನಿಲ್ಲ ಎಂಬುದು ಆ ಕಾರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಆಮೇಲಿಂದ ಫೋನಿನಲ್ಲಿ ಅಕ್ಕನ ಹೆಸರು ಬಂದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಎತ್ತಿದರೆ ಹಲಸಿನಹಣ್ಣು ಕಳಿಸಲಾ ಎಂದು ಕೇಳುತ್ತಿದ್ದಳು. ನಾಳೆ ಎಲ್ಲಿಗೆ ಹೊರಟಿದ್ದೀರಿ, ಯಾರು ಯಾರು ಹೋಗುತ್ತೀರಿ ಎಂದು ನಾನು ಕೇಳುತ್ತಿದ್ದೆ. ಹಿಂದೆಂದೂ ಹಾಗೆ ಕೇಳಿದವನಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಭಾವ ಬಂದರು.

"ನೀರು ಸೋರ್ತದೆ ನೋಡು. ಕಂದಿಕೆರೆ ತಾವ ತೋಟದ ದಾರೀಲಿ ಕರು ಅಡ್ಡ ಬಂತು. ತಪ್ಪಿಸೋಕೋಗಿ ತೆಂಗಿನ ಮರಕ್ಕೆ ತಾಗಿಸ್ದೆ. ಜೋರಿರ್ಲಿಲ್ಲ ಕಣ್ಲಾ, ನಡ್ಕಂಡೋಗೋ ಅಷ್ಟೇ."

ಬಂಪರು ಹಾಗೇ ಇತ್ತು. ಒಂದು ಗೀರು ಮಾತ್ರ. ಬಿಚ್ಚಿ ನೋಡಿದೆ. ಇಂಟರ್‌ಕೂಲರ್ ನಡುವೆ ಮಡಚಿ, ರೇಡಿಯೇಟರನ್ನು ಒಡೆದು, ಫ್ಯಾನನ್ನು ಎಂಜಿನ್ನಿಗೆ ಒತ್ತಿತ್ತು. ನಡೆಯುವ ವೇಗಕ್ಕೆ ಇಷ್ಟು.

"ಬಾವ, ಬೀಮ್ ಇಲ್ದೆ ಹಿಂಗಾಗೈತೆ. ಗಾಡಿ ಬಿಟ್ಟೋಗಿ. ಹಳೇ ಇಂಟರ್‌ಕೂಲರನ್ನೇ ಹಾಕಿ, ಹೊಸ ಬೀಮ್ ಕೂರಿಸ್ತೀನಿ."

"ಈಗ ಸಂತೆ ಕಾಲ. ರೇಡಿಯೇಟರ್ ಒಂದು ಮಾಡ್ಕೊಡು. ಹಬ್ಬ ಕಳೀಲಿ, ತಂದು ಬುಡ್ತೀನಿ."

ಎರಡನೇ ಸಲವೂ ನಾನು ಒಪ್ಪಿಕೊಂಡೆ. ಮಡಚಿದ್ದನ್ನು ನೆಟ್ಟಗೆ ಮಾಡಿ, ಬೆಸೆದು, ಅದೇ ಪ್ಲಾಸ್ಟಿಕ್ಕನ್ನು ಮುಚ್ಚಿ ಕಳಿಸಿದೆ.

ಹಬ್ಬ ಕಳೆಯಿತು. ಭಾವ ಬರಲಿಲ್ಲ. ನಾನೇ ಹಟ್ಟಿಗೆ ಹೋದೆ. ಕಾರು ನಿಲ್ಲುವ ಜಾಗದಲ್ಲಿ ಕುರಿ ಸಾಗಿಸುವ ಹೊಸ ಗೂಡ್ಸ್ ಗಾಡಿ ನಿಂತಿತ್ತು.

"ಕಾರು ಮಾರ್ಬುಟ್ಟೆ," ಎಂದರು ಭಾವ. "ಹೊಸದುರ್ಗದ ಕಡೆಯೋರು. ಓಡ್ಸಿ ನೋಡಿ, ಎಳೆತಕ್ಕೇ ಮರುಳಾಗಿ ತಗಂಡ್ರು."

"ಬೀಮ್ ವಿಚಾರ ಹೇಳಿದ್ರಾ?"

"ಅದನ್ಯಾಕೆ ಹೇಳ್ತಾರೆ?"

ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅಕ್ಕನ ಹತ್ತಿರ ಹೋಗಿ ಕೂತು ಎಲ್ಲ ಹೇಳಿದೆ. ಅವಳು ಹೆಂಚಿನಿಂದ ಕಣ್ಣು ತೆಗೆಯಲಿಲ್ಲ.

"ಅವತ್ತೇ ಅನ್ನಿಸ್ತು ಕಣಪ್ಪ. ನನ್ನ ಮಕ ನೋಡ್ದಂಗೆ ಮಾತಾಡ್ದೆ ನೀನು. ಅದರ ಮುಂದಿನ ಸೀಟಲ್ಲಿ ನಾನು ಎಷ್ಟು ದಿನ ಕೂತಿದೀನಿ ಗೊತ್ತಾ?"

ಅವಳು ರೊಟ್ಟಿ ಮಗುಚಿ ಹಾಕಿದಳು.

"ಕಾರು ತಗಂಡೋರಿಗೆ ಹೋಗಿ ಹೇಳ್ಬಿಟ್ಟು ಬಾ," ಎಂದಳು.

ಭಾವನಿಂದ ನಂಬರು ಈಸಿಕೊಂಡು ಫೋನ್ ಮಾಡಿದೆ. ಕಾರಿನ ಮುಂಭಾಗ ನಾನೇ ಕೊಯ್ದಿದ್ದು, ತಂದರೆ ಬಿಟ್ಟಿಯಾಗಿ ಸರಿ ಮಾಡಿಕೊಡುತ್ತೇನೆ ಎಂದೆ. ಆ ಕಡೆಯ ಗಂಡಸು, "ನಿಮಗೆ ಇದರಿಂದ ಏನಾಗ್ಬೇಕು?" ಎಂದ. ಆಮೇಲೆ, "ಆಯ್ತು, ಬತ್ತೀನಿ," ಎಂದ. ಬರಲಿಲ್ಲ. ಮತ್ತೆ ಮಾಡಿದರೆ ಎತ್ತಲಿಲ್ಲ. ಮಾಡುತ್ತಲೇ ಇದ್ದೆ.

ಕೊನೆಗೆ ಅದೇ ಮಾದರಿಯ ಬೀಮೊಂದನ್ನು ಗುಜರಿಗೆ ಬಿದ್ದ ಕಾರಿನಿಂದ ಬಿಚ್ಚಿಸಿ ತಂದೆ. ಭಾವನಿಂದ ಊರು ಕೇಳಿಕೊಂಡು, ಬೀಮನ್ನು ಬೈಕಿಗೆ ಅಡ್ಡ ಕಟ್ಟಿ ಹೊರಟೆ. ಮನೆ ಸಿಕ್ಕಿತು. ಅಂಗಳದಲ್ಲಿ ಕೆಂಪು ಬಣ್ಣದ ಬೇರೆ ಕಾರಿತ್ತು. ಗಂಡ ಹೆಂಡತಿ ಇಬ್ಬರೂ ಹೊರಗೆ ಬಂದರು.

"ಅದು ಎಕ್ಸ್‌ಚೇಂಜಿಗೆ ಹೋಗಿ ಎರಡು ತಿಂಗಳಾಯ್ತು ಕಣ್ರೀ," ಎಂದ ಗಂಡ. "ಶೋರೂಮಿನೋರು ಯಾರಿಗೆ ಮಾರಿದ್ರೋ."

ನಾನು ಬೈಕಿನ ಮೇಲಿದ್ದ ಬೀಮು ತೋರಿಸಿ, ಯಾಕೆ ಬಂದೆ ಎಂದು ಮೊದಲಿನಿಂದ ಹೇಳಿದೆ. ಗಂಡ ಅತ್ತಿತ್ತ ನೋಡುತ್ತಿದ್ದ. ಹೆಂಡತಿ ಮಾತ್ರ ಆ ಉಕ್ಕಿನ ಮೇಲೆ ಕೈಯಿಟ್ಟು, ಉದ್ದಕ್ಕೂ ಸವರಿ ನೋಡಿದಳು.

"ಇಷ್ಟುದ್ದ ಇರ್ಲಿಲ್ವಾ?"

"ಇರ್ಲಿಲ್ಲಮ್ಮ."

"ದಿನಾ ಮಗಳನ್ನ ಮುಂದೆ ಕೂರಿಸ್ಕಂಡು ಕಾಲೇಜಿಗೆ ಬಿಡ್ತಿದ್ದೆ," ಎಂದವಳು ಒಳಗೆ ಹೋಗಿಬಿಟ್ಟಳು. ನೀರು ಬೇಕಾ ಎಂದೂ ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಎಕ್ಸ್‌ಚೇಂಜಿಗೆ ತೆಗೆದುಕೊಂಡವರನ್ನು ಹುಡುಕಿ ಕೇಳಿದೆ. ಒಟ್ಟಿಗೆ ಹತ್ತು ಕಾರು ಹರಾಜಿಗೆ ಹೋದವು, ಎಲ್ಲಿಗೆ ಎಂದು ಹೇಳುವುದಕ್ಕಾಗುವುದಿಲ್ಲ ಎಂದರು. ಅಲ್ಲಿಗೆ ದಾರಿ ಮುಗಿಯಿತು.

ಗಾಡಿಯ ನಂಬರು ನನಗೆ ಬಾಯಿಪಾಠ. ಫೋನಿನ ಆ್ಯಪಿನಲ್ಲಿ ಅದನ್ನು ಒತ್ತಿದರೆ ಮಾಲೀಕರ ಹೆಸರಿನ ಅರ್ಧಕ್ಕೆ ಚುಕ್ಕಿಗಳು ಬರುತ್ತವೆ, ಯಾರೆಂದು ತಿಳಿಯುವುದಿಲ್ಲ. ಕೆಳಗಡೆ ಇನ್ಶೂರೆನ್ಸ್ ಚಾಲ್ತಿಯಲ್ಲಿದೆ ಎಂದು ತೋರಿಸುತ್ತದೆ. ಮೊನ್ನೆಯೂ ನೋಡಿದೆ. ಯಾರೋ ಹೊಸದಾಗಿ ಒಂದು ವರ್ಷಕ್ಕೆ ಕಟ್ಟಿದ್ದಾರೆ. ಅಂದರೆ ಎಲ್ಲೋ ಓಡುತ್ತಿದೆ.