ಕಕ್ಕೇರಾದ ಬೈಗುಳ, ಕ್ಯಾಟಲೋನಿಯಾದ ಕೋರಸ್

ಬೈಸಿಕೊಂಡವರು ಅಳುವುದನ್ನು ನೀವು ನೋಡಿರುತ್ತೀರಿ. ಯಾರೋ ಯಾರಿಗೋ ಬೈದದ್ದು ಕೇಳಿ ಆನಂದಬಾಷ್ಪ ಸುರಿಸಿದವರನ್ನು? ನಾನು ನೋಡಿದೆ, ಅದೂ ನಮ್ಮೂರು ಕಕ್ಕೇರಾದಲ್ಲಿ.

ಅವರು ಸ್ಪೇನ್ ದೇಶದ ಕ್ಯಾಟಲೋನಿಯಾದವರು. ಸಂಗೀತ ರಚನೆಕಾರರು, ಸಂಶೋಧಕರು ಕೂಡ. ತಮ್ಮ ಕಡೆ ಗುಡ್ಡ ಹತ್ತಿಳಿದು ಕುರಿ ಕಾಯುವವರ ಹಾಡು ಹುಡುಕಿ, ಕೋರಸ್‌ಗೆ ಹೊಂದಿಸಿದವರು. ನಮ್ಮ ಬೀಸುಕಲ್ಲಿನ ಪದ ಒಂದಾದರೂ ಸಿಗಲಿ ಎಂದು ಬಂದಿದ್ದರು. ದುಭಾಷಿ ನಾನು. (ನನ್ನ ಇಂಗ್ಲಿಷ್ ಯಾದಗಿರಿ ದಾಟಿದರೆ ಕುಂಟುತ್ತದೆ, ಅದು ಬೇರೆ ಮಾತು.)

ನಮ್ಮ ಸೋದರತ್ತೆ ನಿಂಗವ್ವನಿಗೆ ಹಾಡು ಎಂದೆ.

"ಕಲ್ಲು ತಿರುಗದೇ ಪದ ಹೆಂಗ ಬರತದೋ ತಮ್ಮಾ?"

ಕಾಲುವೆ ಬಂದು ಜೋಳದ ಹೊಲ ಭತ್ತದ ಗದ್ದೆಯಾದ ಮೇಲೆ ಅವಳ ಬೀಸುಕಲ್ಲು ಕೋಳಿಬುಟ್ಟಿಯ ಮೇಲೆ ಭಾರಕ್ಕೆ ಕೂತಿತ್ತು. ಇಳಿಸಿ ತೊಳೆದೆವು. ಆದರೆ ಬೀಸಲು ಇಬ್ಬರು ಬೇಕು. ಅತ್ತೆಯ ಹಳೇ ಜೋಡಿ ಪಕ್ಕದ ಮನೆಯ ದೇವಕ್ಕ. ಅತ್ತೆಯ ಪಾಳಿಯ ಕಾಲುವೆ ನೀರನ್ನು ದೇವಕ್ಕ ತನ್ನ ಗದ್ದೆಗೆ ತಿರುಗಿಸಿಕೊಂಡಳೆಂದು ಇಬ್ಬರೂ ಮಾತು ಬಿಟ್ಟಿದ್ದರು!

ಸಾಹೇಬರ ಮುಖ ಬಾಡಿತು. ಮರುದಿನ ಹೈದರಾಬಾದಿನಿಂದ ವಿಮಾನ. ನಾನು ದೇವಕ್ಕನ ಕಾಲು ಹಿಡಿಯುವುದೊಂದು ಬಾಕಿ.

"ಬರತೀನ್ರಿ. ಆದ್ರ ಆಕಿ ಜೋಡಿ ಮಾತಾಡಂಗಿಲ್ಲ. ಹಾಡಷ್ಟೇ."

ಕೂತರು. ಕಲ್ಲಿಗೆ ಶರಣೆಂದು ಎರಡು ಸಾಲು ಸರಿಯಾಗಿಯೇ ಹೋಯಿತು. ಆಮೇಲೆ ಅತ್ತೆ ದನಿ ಏರಿಸಿದಳು:

"ಪಾಳೀಯ ನೀರ ಕದ್ದಾಕಿ, ನಿನ ಗದ್ಯಾಗ
ಬೆಳಿಯೆಲ್ಲ ಕಪ್ಪಿ ಆಗಲೆವ್ವ!"

ಬೆಳೆ ಕಪ್ಪೆಯಾಗಲೆಂಬ ಶಾಪವಾದರೂ ಸರಿ, ಬೀಸುವಾಗ ಏನು ಹಾಡಿದರೂ ತಪ್ಪಿಲ್ಲ, ಅದು ನಮ್ಮ ಕಡೆಯ ಪದ್ಧತಿ. ಗಂಡನ ದೂರು, ನಾದಿನಿಯ ದೂರು ಎಲ್ಲ ಹಿಟ್ಟಿನ ಜೊತೆಗೇ ಉದುರುತ್ತವೆ. ದೇವಕ್ಕ ಬಿಡುತ್ತಾಳೆಯೇ? ಅದೇ ಧಾಟಿಯಲ್ಲಿ ಅತ್ತೆಯ ಮೂಗು, ಸಾರು, ತವರುಮನೆ ಎಲ್ಲವನ್ನೂ ಬೀಸಿದಳು. ಕಲ್ಲು ಗರಗರ, ಹಿಟ್ಟು ನುಣ್ಣಗೆ. ಸಾಹೇಬರ ಕೈಯಲ್ಲಿ ರೆಕಾರ್ಡರ್, ಕಣ್ಣಲ್ಲಿ ನೀರು!

"ದೇವರ ಹಾಡೇ?" ಎಂದು ಪಿಸುಗುಟ್ಟಿದರು.

"ನೀರಿನದು" ಎಂದೆ. ಸುಳ್ಳೇನಲ್ಲವಲ್ಲ?

ಮೊನ್ನೆ ಒಂದು ವಿಡಿಯೊ ಕಳಿಸಿದ್ದಾರೆ. ಚರ್ಚಿನಲ್ಲಿ ಕರಿ ಕೋಟಿನ ದೊಡ್ಡ ಗುಂಪು ಕಣ್ಣು ಮುಚ್ಚಿ, ಭಕ್ತಿಯಿಂದ, ಕಪ್ಪೆಯ ಸಾಲು ಹಾಡುತ್ತಿದೆ. ಅದೂ ಅಚ್ಚ ಕಕ್ಕೇರಾ ಕನ್ನಡದಲ್ಲಿ! ನನಗೆ ನಗು ತಡೆಯಲಾಗದೆ ಇಬ್ಬರನ್ನೂ ಕರೆದು ತೋರಿಸಿದೆ. ದೇವಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಪೂರ್ತಿ ಕೇಳಿ, ಫೋನು ನನ್ನ ಕೈಗಿಟ್ಟಳು.

"ಪರದೇಶಕ್ಕೆಲ್ಲ ಗೊತ್ತಾತಲ್ಲ, ಇನ್ನ ಮ್ಯಾಲರ ನನ್ನ ಪಾಳಿ ನೀರು ನನಗ ಬಿಡತಾಳೇನು, ಆಕಿಗಿ ಕೇಳು!"